ತೆರೆಯ ಚಾರ್ಲಿಗೆ ಕಣ್ಣೀರು... ಬೀದಿಯ ಕರಿಯನಿಗೆ?

‘777 ಚಾರ್ಲಿ’ ನೋಡಿ ನಿಮ್ಮಲ್ಲಿ ಎಷ್ಟು ಮಂದಿ ಅತ್ತಿದ್ದೀರಿ? ಕೈ ಎತ್ತಿ ನೋಡೋಣ! ನಾನಂತೂ ಎರಡೂ ಕೈ ಎತ್ತುತ್ತೇನೆ. 2022ರ ಜೂನ್ 10ರಂದು ತೆರೆಕಂಡ ಕಿರಣ್‌ರಾಜ್ ನಿರ್ದೇಶನದ ಆ ಚಿತ್ರದಲ್ಲಿ ರಕ್ಷಿತ್ ಶೆಟ್ಟಿಯವರ ಅಭಿನಯ ಸೊಗಸಾಗಿತ್ತು, ನಿಜ. ಆದರೆ ಚಪ್ಪಾಳೆಯನ್ನೆಲ್ಲ ಬಾಚಿಕೊಂಡದ್ದು ಒಂದೂ ಡೈಲಾಗಿಲ್ಲದ ನಾಲ್ಕು ಕಾಲಿನ ನಾಯಕಿ! ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಚಿತ್ರ ನೋಡಿ ಕಣ್ಣೀರು ಹಾಕಿದರು. 69ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ಕನ್ನಡ ಚಿತ್ರವೆಂಬ ಗೌರವವೂ ಬಂತು. ಲಾಭದ ಶೇಕಡ 5 ಭಾಗವನ್ನು ಬೀದಿನಾಯಿಗಳ ಸೇವೆಯ ಸಂಸ್ಥೆಗಳಿಗೆ ಕೊಡುವುದಾಗಿ ರಕ್ಷಿತ್ ಘೋಷಿಸಿದರು.

ನಾನೇನು ಕಮ್ಮಿ? ಬ್ರೂಕ್‌ಫೀಲ್ಡಿನ ಮನೆಗೆ ಬಂದವನೇ ಒಂದು ಪ್ರಾಣಿ ಆಶ್ರಯಧಾಮಕ್ಕೆ ಎರಡು ಸಾವಿರ ರೂಪಾಯಿ ಕಳಿಸಿ, ಮೀಸೆ ತಿರುವಿ ಮಲಗಿದೆ. ಅಲ್ಲಿಗೆ ಶುಭಂ!

ಆದರೆ ಕತೆ ಮುಗಿದಿರಲಿಲ್ಲ...

ಮರುವರ್ಷದ ಮಳೆಗಾಲ. ಕುಂದಲಹಳ್ಳಿ ಗೇಟಿನ ಬೇಕರಿ ಮುಂದೆ ಬನ್ನಿಗಾಗಿ ಬಾಲ ಆಡಿಸುತ್ತಿದ್ದ ಕರಿಯನ ಹಿಂಗಾಲಿನ ಮೇಲೆ ಯಾವುದೋ ಗಾಡಿ ಹರಿದುಹೋಯಿತು. ಆಟೋದವನು, “ಮನುಷ್ಯರಿಗೇ ಗತಿ ಇಲ್ಲ, ನಾಯಿಗೇನ್ ಸಾರ್?” ಎಂದು ಗೊಣಗುತ್ತಲೇ ಹಿಂದಿನ ಸೀಟಿಗೆ ಗೋಣಿಚೀಲ ಹಾಸಿದ. ಅದೇ ಆಶ್ರಯಧಾಮಕ್ಕೆ ಹೋದೆವು.

ಅಲ್ಲಿದ್ದ ಅಕ್ಕ ಕರಿಯನನ್ನು ಒಳಗೆ ಸೇರಿಸಿಕೊಂಡರು. ನಾನು ಗತ್ತಿನಿಂದ ನನ್ನ ಎರಡು ಸಾವಿರದ ನೆನಪು ಮಾಡಿದೆ. ಆಕೆ ನಕ್ಕರು.

“ಸಂತೋಷ ಸಾರ್. ಅವತ್ತು ಎಲ್ರೂ ಅತ್ರು, ಕೊಟ್ರು. ಆಮೇಲೆ ಮರೆತ್ರು. ಇವನ ಕಾಲು ಉಳಿಯಲ್ಲ. ಮತ್ತೆ ಬೀದಿಗೆ ಬಿಡೋ ಹಾಗಿಲ್ಲ. ಬದುಕಿರೋವರೆಗೂ ಇಲ್ಲೇ. ಒಂದ್ಸಲ ಬಂದ ದುಡ್ಡಲ್ಲಿ ದಿನಾ ಅನ್ನ ಹಾಕೋಕಾಗುತ್ತಾ?”

ನನ್ನ ಮೀಸೆ ತಾನಾಗಿಯೇ ಇಳಿಯಿತು!

ಆಕೆಯ ಲೆಕ್ಕ ಕೇಳಿ. ಇದ್ದಕ್ಕಿದ್ದಂತೆ ಬಂದ ದುಡ್ಡು ಆ ತಿಂಗಳ ಔಷಧಿಗಾಯಿತು. ಮುಂದಿನ ತಿಂಗಳು? ನೂರು ಜನ ತಪ್ಪದೆ ಇನ್ನೂರು ಇನ್ನೂರು ಕೊಟ್ಟರೆ ತಿಂಗಳಿಗೆ ಇಪ್ಪತ್ತು ಸಾವಿರ. ಇಷ್ಟು ಬಂದೇ ಬರುತ್ತದೆ ಎಂಬ ಧೈರ್ಯವಿದ್ದರೆ ಗಾಯ ತೊಳೆಯುವ ಹುಡುಗನನ್ನು ಸಂಬಳಕ್ಕೆ ಇಟ್ಟುಕೊಳ್ಳಬಹುದು, ಅಕ್ಕಿಯನ್ನು ಮೂಟೆಗಟ್ಟಲೆ ತರಿಸಬಹುದು.

ಇದು ನಾಯಿಪ್ರಿಯರ ಗೊಡವೆ ಮಾತ್ರ ಅಂದುಕೊಳ್ಳಬೇಡಿ. 2023ರ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ. ಎಲ್ಲಕ್ಕಿಂತ ಹೆಚ್ಚು ಇದ್ದದ್ದು ನಮ್ಮ ಮಹದೇವಪುರ ವಲಯದಲ್ಲೇ! ಸಂತಾನಹರಣ ಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿದರೆ ಉಳಿಯುವುದು ನಾಯಿಯ ಜೀವವೊಂದೇ ಅಲ್ಲ, ಬೀದಿಯಲ್ಲಿ ಆಡುವ ಮಕ್ಕಳ ಜೀವವೂ ಹೌದು. ಆಟೋದವನಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದೇ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ನಾಯಿಗಳನ್ನು ಆಶ್ರಯಧಾಮಗಳಿಗೆ ಸೇರಿಸಬೇಕೆಂದು ಆದೇಶಿಸಿತು. ನೀವು ಈ ಪತ್ರಿಕೆ ಕೊಂಡ ಬಸ್ ಸ್ಟ್ಯಾಂಡಿನ ನಾಯಿಯ ಮಾತೂ ಇದರಲ್ಲಿ ಬಂತು! ಸೇರಿಸಿದರೆ ಸಾಕೇ? ಅನ್ನ ಹಾಕುವವರು ಬೇಡವೇ?

ನಮ್ಮೂರಿಗೆ ಈ ಕೆಲಸ ಹೊಸದಲ್ಲ. ಇಂಗ್ಲೆಂಡಿನಿಂದ ಬಂದು ದೆಹಲಿ, ಜೈಪುರಗಳಲ್ಲಿ ಪ್ರಾಣಿಸೇವೆ ಮಾಡಿದ ಕ್ರಿಸ್ಟಲ್ ರೋಜರ್ಸ್, 1991ರಲ್ಲಿ ಬೆಂಗಳೂರಿನಲ್ಲಿ ‘ಕ್ಯೂಪಾ’ ಸಂಸ್ಥೆ ಕಟ್ಟಿದಾಗ ಆಕೆಗೆ ಎಂಬತ್ತು ದಾಟಿತ್ತು. ಆ ಅಜ್ಜಿ ಕಣ್ಣೀರು ಒರೆಸಿಕೊಂಡು ಸುಮ್ಮನೆ ಮನೆಗೆ ಹೋಗಲಿಲ್ಲ!

ಹಣ ಕೊಡುವ ಮುನ್ನ ಒಮ್ಮೆ ಹೋಗಿ ನೋಡಿ. ಟ್ರಸ್ಟು ನೋಂದಣಿಯಾಗಿದೆಯೇ, ರಸೀದಿ ಕೊಡುತ್ತಾರೆಯೇ, ಗೂಡುಗಳು ಶುಚಿಯಾಗಿವೆಯೇ ವಿಚಾರಿಸಿ. ಆಮೇಲೆ ಬ್ಯಾಂಕಿಗೆ ಒಂದು ಸಲ ಸೂಚನೆ ಕೊಟ್ಟರಾಯಿತು, ತಿಂಗಳು ತಿಂಗಳು ತಾನೇ ಹೋಗುತ್ತದೆ. ಕೈಲಾಗುವಷ್ಟೇ ಕೊಡಿ, ಆದರೆ ತಪ್ಪಿಸಬೇಡಿ. ನಾನು ಕೊಡುವುದು ಮುನ್ನೂರು. ಮಾಲ್‌ನಲ್ಲಿ ಒಂದು ಸಿನಿಮಾ ಟಿಕೆಟ್ಟಿನ ದುಡ್ಡು, ಅಷ್ಟೇ!

ಕರಿಯ ಈಗ ಮೂರೇ ಕಾಲಿನ ಹೀರೋ. ಹೋದಾಗಲೆಲ್ಲ ಕುಂಟುತ್ತ ಓಡಿಬಂದು ನನ್ನ ಜೇಬು ಮೂಸುತ್ತಾನೆ. ನೋಟಿಗಲ್ಲ, ಬೇಕರಿಯ ಬನ್ನಿಗೆ!