ಐದನೇ ಕ್ಲಾಸ್ ಆಯ್ತು, ಮುಂದೆ ಎಲ್ಲಿಗೆ?

ಹುಮನಾಬಾದ್‌ನಿಂದ ಬಸವಕಲ್ಯಾಣದವರೆಗೆ ಯಾವ ಹಳ್ಳಿಗೆ ಹೋದರೂ ಬೇಸಿಗೆ ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ಕಿವಿಗೆ ಬೀಳುತ್ತದೆ: ‘ಐದನೇ ಕ್ಲಾಸ್ ಆಯ್ತು, ಇನ್ನ ಎಲ್ಲಿ ಹಾಕಬೇಕು?’ ಉತ್ತರ ಬಹುತೇಕ ಪಕ್ಕದ ಮನೆಯಿಂದಲೇ ಬರುತ್ತದೆ. ಅವರ ಮಗ ಹೋಗುವ ಶಾಲೆಗೆ ನಮ್ಮ ಮಗನೂ ಹೋಗುತ್ತಾನೆ. ಇಲ್ಲವೇ ಯಾವ ಶಾಲೆಯ ಹಳದಿ ಬಸ್ಸು ಊರೊಳಗೆ ಬರುತ್ತದೋ ಅದೇ ಒಳ್ಳೆಯ ಶಾಲೆ. ಎಸ್ಸೆಸ್ಸೆಲ್ಸಿ ಬಂದಾಗ ಮನೆಯವರೆಲ್ಲ ಎಚ್ಚರಗೊಳ್ಳುತ್ತಾರೆ. ಆರು, ಏಳು, ಎಂಟನೇ ತರಗತಿ ಮಾತ್ರ ಯಾರ ಲೆಕ್ಕಕ್ಕೂ ಇಲ್ಲದೆ ಕಳೆದುಹೋಗುತ್ತವೆ.

ನಾನು ಬಿ.ಎ., ಬಿ.ಇಡಿ. ಮುಗಿಸಿ, ಟಿಇಟಿ ಪಾಸಾಗಿ, ಶಿಕ್ಷಕರ ನೇಮಕಾತಿಗೆ ಕಾಯುತ್ತಿರುವವಳು. ಊರು ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿ. ‘ಮತ್ತ, ನೌಕರಿ ಎಲ್ಲಿತನಕ ಬಂತವ್ವಾ?’ ಎಂದು ಕೇಳುವವರಿಗೆ ಹೇಳಲು ನನ್ನ ಬಳಿ ಏನೂ ಇಲ್ಲ. ಆದರೆ ಮೂರು ವರ್ಷಗಳಿಂದ ಇಬ್ಬರು ಗೆಳತಿಯರ ಜೊತೆ ಸೇರಿ ಒಂದು ಕೆಲಸ ಮಾಡುತ್ತಿದ್ದೇನೆ. ಸಂಬಳವಿಲ್ಲದ ಆ ಕೆಲಸದ ಬಗ್ಗೆ ನನ್ನಂತೆಯೇ ಕಾಯುತ್ತಿರುವ ನಿಮಗೆ ಹೇಳಬೇಕೆನಿಸಿತು.

ಇದರ ಬೀಜ ಬಿದ್ದದ್ದು ಬೆಂಗಳೂರಿನಲ್ಲಿ. ಬಿ.ಇಡಿ.ಗೆ ಸೇರುವ ಮುಂಚೆ ಒಂದು ವರ್ಷ ಅಲ್ಲಿನ ಅಂತರರಾಷ್ಟ್ರೀಯ ಶಾಲೆಯೊಂದರ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಪ್ರವೇಶದ ಸಮಯದಲ್ಲಿ ಶನಿವಾರ ಪೋಷಕರ ಸಭೆ ನಡೆಯುತ್ತಿತ್ತು. ಕುರ್ಚಿ ಜೋಡಿಸುವುದು, ಬಂದವರ ಹೆಸರು ಬರೆದುಕೊಳ್ಳುವುದು, ಚಹಾ ಕೊಡಿಸುವುದು ನನ್ನ ಪಾಲಿಗೆ. ಅದು ಮುಗಿದ ಮೇಲೆ ಹಿಂದೆ ನಿಂತು ಕೇಳುತ್ತಿದ್ದೆ. ಐಬಿ ಎಂದು ಎಲ್ಲರೂ ಕರೆಯುವ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ 1968ರಲ್ಲಿ ಜಿನೀವಾದಲ್ಲಿ ಆರಂಭವಾದ ಸಂಸ್ಥೆ. 11ರಿಂದ 16 ವರ್ಷದ ಮಕ್ಕಳಿಗೆಂದೇ ಅದು 1994ರಲ್ಲಿ ‘ಮಿಡ್ಲ್ ಇಯರ್ಸ್ ಪ್ರೋಗ್ರಾಂ’ ತಂದಿತು. ಗಣಿತ, ವಿಜ್ಞಾನ, ಸಮಾಜದ ಜೊತೆಗೆ ಕಲೆ, ದೈಹಿಕ ಶಿಕ್ಷಣ, ವಿನ್ಯಾಸ ಸೇರಿ ಎಂಟು ವಿಷಯ ಗುಂಪುಗಳು. ಕನಿಷ್ಠ ಎರಡು ಭಾಷೆ. ಕೊನೆಯ ವರ್ಷ ಮಗು ತಾನೇ ಒಂದು ವಿಷಯ ಆರಿಸಿಕೊಂಡು ತಿಂಗಳುಗಟ್ಟಲೆ ದುಡಿದು ಸ್ವಂತದ್ದೊಂದು ಪ್ರಾಜೆಕ್ಟ್ ಮಾಡಬೇಕು.

ಶುಲ್ಕ ಲಕ್ಷಗಳಲ್ಲಿ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಶುಲ್ಕವಲ್ಲ, ಆ ಸಭೆ. ಪೋಷಕರು ಒಂದು ಗಂಟೆ ಪ್ರಶ್ನೆ ಕೇಳುತ್ತಿದ್ದರು. ‘ನನ್ನ ಮಗಳು ಗಣಿತದಲ್ಲಿ ಹಿಂದೆ ಇದ್ದಾಳೆ, ಏನು ಮಾಡ್ತೀರಿ?’ ‘ಮನೆಯಲ್ಲಿ ನಾವೇನು ಮಾಡಬೇಕು?’ ಶಾಲೆಯವರೂ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು: ‘ಮೊದಲ ಕೆಲವು ತಿಂಗಳು ಮಕ್ಕಳಿಗೆ ಕಷ್ಟವಾಗುತ್ತೆ, ಅಂಕ ಇಳಿಯಬಹುದು, ಗಾಬರಿಯಾಗಬೇಡಿ.’ ನನ್ನನ್ನು ಆರನೇ ತರಗತಿಗೆ ಸೇರಿಸುವಾಗ ನಮ್ಮಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಬಸ್ ಎಷ್ಟ್ ಗಂಟಿಗದ?’ ಅಪ್ಪನಿಗೆ ಕಾಳಜಿ ಕಡಿಮೆ ಇರಲಿಲ್ಲ. ಇನ್ನೇನು ಕೇಳಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಕಡೆ ಐಬಿ ಶಾಲೆ ಇಲ್ಲದಿರಬಹುದು. ಆದರೆ ಆರನೇ ತರಗತಿಯಿಂದಲೇ ಮಗುವನ್ನು ಕಠಿಣವಾಗಿ ದುಡಿಸಿ, ಬೇರೆ ಭಾಷೆ, ಬೇರೆ ನಾಡು ತೋರಿಸುವ ಶಾಲೆಯೊಂದು ನಮ್ಮ ಜಿಲ್ಲೆಯಲ್ಲೇ ಇದೆ. ಬಸವಕಲ್ಯಾಣದ ಹತ್ತಿರ ನಾರಾಯಣಪುರದಲ್ಲಿರುವ ಜವಾಹರ ನವೋದಯ ವಿದ್ಯಾಲಯ. ಹಳ್ಳಿಯ ಪ್ರತಿಭಾವಂತ ಮಕ್ಕಳಿಗೆ ಜಿಲ್ಲೆಗೊಂದು ವಸತಿ ಶಾಲೆ ಎಂಬ ಯೋಚನೆ 1986ರ ರಾಷ್ಟ್ರೀಯ ಶಿಕ್ಷಣ ನೀತಿಯದ್ದು. ಮೊದಲ ಎರಡು ಶಾಲೆಗಳು ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಶುರುವಾದವು. ಇಂದು ದೇಶದಲ್ಲಿ 650ರಷ್ಟು ನವೋದಯಗಳಿವೆ. ತಮಿಳುನಾಡಿನಲ್ಲಿ ಮಾತ್ರ ಒಂದೂ ಇಲ್ಲ.

ನವೋದಯ ಐಬಿ ಶಾಲೆಯಲ್ಲ, ಅದರದು ಸಿಬಿಎಸ್‌ಇ ಪಠ್ಯಕ್ರಮ. ಆದರೂ ಎರಡರ ಹಿಂದಿನ ನಂಬಿಕೆ ಒಂದೇ: ಹನ್ನೊಂದು ಹನ್ನೆರಡರ ವಯಸ್ಸು ಸುಮ್ಮನೆ ಕಳೆಯುವ ವಯಸ್ಸಲ್ಲ. ಮೊದಲ ವರ್ಷಗಳಲ್ಲಿ ಪಾಠ ಮಾತೃಭಾಷೆಯಲ್ಲಿ, ಆಮೇಲೆ ಇಂಗ್ಲಿಷ್, ಹಿಂದಿ. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಉಚಿತ. ಒಂಬತ್ತನೇ ತರಗತಿಯಿಂದ ತಿಂಗಳಿಗೆ 600 ರೂಪಾಯಿ ವಿದ್ಯಾಲಯ ವಿಕಾಸ ನಿಧಿ ಇದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ, ಪಂಗಡ ಮತ್ತು ಬಿಪಿಎಲ್ ಕುಟುಂಬದ ಮಕ್ಕಳಿಗೆ ಅದೂ ಇಲ್ಲ. ಸರ್ಕಾರಿ ನೌಕರರ ಮಕ್ಕಳಿಗೆ ಮೊತ್ತ ಹೆಚ್ಚು.

ಬಿ.ಇಡಿ. ಮುಗಿಸಿ ಊರಿಗೆ ಬಂದಾಗ ನಮ್ಮ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರಿಗೆ ಈ ವಿಚಾರ ಹೇಳಿದೆ. ‘ನವೋದಯದ ಹೆಸರು ಎಲ್ಲರಿಗೂ ಗೊತ್ತು, ಒಳಗಿನ ಸುದ್ದಿ ಯಾರಿಗೂ ಗೊತ್ತಿಲ್ಲ, ನೀವೇ ಹೇಳ್ರಿ’ ಅಂದರು. ಆ ಭಾನುವಾರ ಶಾಲೆಯ ವರಾಂಡದಲ್ಲಿ ಚಾಪೆ ಹಾಸಿ ಕೂತೆವು. ಬಂದವರು ಒಂಬತ್ತು ಜನ. ಅದರಲ್ಲಿ ಇಬ್ಬರು ರೇಷನ್ ಕಾರ್ಡಿನ ವಿಚಾರ ಕೇಳಲು ಬಂದವರು. ಈಗ ಎರಡೂ ತಾಲ್ಲೂಕಿನ ಕೆಲವು ಹಳ್ಳಿಗಳಿಗೆ ಹೋಗುತ್ತೇವೆ. ಐದನೇ ತರಗತಿಯ ಪೋಷಕರಿಗಿಂತ ಎರಡನೇ, ಮೂರನೇ ತರಗತಿಯ ಪೋಷಕರನ್ನು ಕರೆಯಿರಿ ಎನ್ನುತ್ತೇವೆ. ಕಾರಣವಿದೆ.

ನವೋದಯದಲ್ಲಿ ಕನಿಷ್ಠ ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ. ಆದರೆ ಆ ಕೋಟಾ ಸಿಗಬೇಕಾದರೆ ಮೂರು, ನಾಲ್ಕು, ಐದನೇ ತರಗತಿಯನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಮಾನ್ಯತೆ ಪಡೆದ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಮಗು ನಗರದ ಅಭ್ಯರ್ಥಿ. ಎರಡನೇ ವರ್ಷ ಒಬ್ಬ ಕಾಕಾ ಮಗನ ಕೈ ಹಿಡಿದುಕೊಂಡು ಬಂದಿದ್ದರು. ಹುಡುಗ ಬಾಯಲ್ಲೇ ಗುಣಾಕಾರ ಮಾಡುತ್ತಿದ್ದ. ಹೊಲದಲ್ಲಿ ತೊಗರಿ ಚೆನ್ನಾಗಿ ಬಂದ ವರ್ಷ ಅವರು ಸಾಲಮಾಡಿ ಮಗನನ್ನು ನಾಲ್ಕನೇ ತರಗತಿಗೆ ಪಟ್ಟಣದ ಕಾನ್ವೆಂಟಿಗೆ ಹಾಕಿದ್ದರು. ಮಗನಿಗೆ ಒಳ್ಳೆಯದಾಗಲಿ ಎಂದು ಮಾಡಿದ ಖರ್ಚೇ ಅವನನ್ನು ಗ್ರಾಮೀಣ ಪಟ್ಟಿಯಿಂದ ಹೊರಗಿಟ್ಟಿತ್ತು. ‘ಇದು ಮೊದಲೇ ಯಾರಾದ್ರೂ ಹೇಳಿದ್ರ...’ ಎಂದು ಅವರು ಮಾತು ನಿಲ್ಲಿಸಿದ್ದು ಇನ್ನೂ ನೆನಪಿದೆ. ಅಂದಿನಿಂದ ನಮ್ಮ ಸಭೆಯ ಮೊದಲ ಮಾತೇ ಇದು.

ಎರಡನೆಯ ಮಾತು, ಆರನೇ ತರಗತಿಯ ಪ್ರವೇಶ ಪರೀಕ್ಷೆ ಜೀವನದಲ್ಲಿ ಒಂದೇ ಸಲ. ಮುಂದಿನ ವರ್ಷ ನೋಡೋಣ ಎನ್ನುವಂತಿಲ್ಲ. ಯಾವ ಜಿಲ್ಲೆಯ ನವೋದಯಕ್ಕೆ ಅರ್ಜಿಯೋ ಐದನೇ ತರಗತಿ ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ದುಡಿಯಲು ಹೈದರಾಬಾದ್‌ಗೋ ಪುಣೆಗೋ ಹೋಗುವಾಗ ಮಕ್ಕಳನ್ನೂ ಕರೆದೊಯ್ಯುವ ನಮ್ಮ ಭಾಗದ ಕುಟುಂಬಗಳಿಗೆ ಇದನ್ನು ಒತ್ತಿ ಹೇಳಬೇಕಾಗುತ್ತದೆ. ಪರೀಕ್ಷೆ 2 ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಬುದ್ಧಿಶಕ್ತಿಯದ್ದು, 20 ಗಣಿತ, 20 ಭಾಷೆ. ಅರ್ಧದಷ್ಟು ಪ್ರಶ್ನೆಗಳು ಚಿತ್ರ ನೋಡಿ ಉತ್ತರಿಸುವಂಥವು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಕನ್ನಡದಲ್ಲೇ ಬರೆಯಬಹುದು, ಮರಾಠಿ, ಉರ್ದು ಮಾಧ್ಯಮದ ಮಕ್ಕಳು ತಮ್ಮ ಭಾಷೆಯಲ್ಲಿ ಬರೆಯಬಹುದು. ಅರ್ಜಿಗೆ ಒಂದು ರೂಪಾಯಿಯೂ ಶುಲ್ಕವಿಲ್ಲ. ಅಂಗಡಿಯೊಂದರಲ್ಲಿ ಇದೇ ಅರ್ಜಿಗೆ 300 ರೂಪಾಯಿ ಕೊಟ್ಟು ಬಂದವರನ್ನು ನೋಡಿದ ಮೇಲೆ ನಾವೇ ಮೊಬೈಲ್‌ನಲ್ಲಿ ತುಂಬಿಕೊಡುತ್ತೇವೆ.

ಮೂರನೆಯ ಮಾತೇ ಕಷ್ಟದ್ದು. ನವೋದಯದಲ್ಲಿ ಒಂಬತ್ತನೇ ತರಗತಿಯ ಶೇ 30ರಷ್ಟು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ. ನಮ್ಮ ಮಕ್ಕಳು ಹಿಂದಿ ರಾಜ್ಯಕ್ಕೆ, ಅಲ್ಲಿಯವರು ಇಲ್ಲಿಗೆ. ದೇಶ ಒಂದೇ ಎಂಬುದನ್ನು ಪುಸ್ತಕದಲ್ಲಿ ಓದಿಸದೆ ಬದುಕಿ ತೋರಿಸುವ ವ್ಯವಸ್ಥೆ ಇದು. ನನ್ನ ಪ್ರಕಾರ ಈ ಶಾಲೆಯ ಅತಿ ದೊಡ್ಡ ಪಾಠವೂ ಇದೇ. ಆದರೆ ತಾಯಂದಿರ ಮುಖ ಸಪ್ಪಗಾಗುವುದೂ ಇಲ್ಲಿಯೇ.

ಮೊದಲ ವರ್ಷದ ಸಭೆಗೆ ಬಂದಿದ್ದ ಒಂದು ಮನೆಯವರಿಗೆ ಓದಿನಲ್ಲಿ ಚುರುಕಾದ ಮಗಳಿದ್ದಳು. ಆಯಿ ಮೊದಲೇ ತಕರಾರು ತೆಗೆದಿದ್ದರು: ‘ಹತ್ತ್ ವರ್ಷದ ಕೂಸಿಗಿ ಹಾಸ್ಟೆಲ್‌ದಾಗ ಬಿಟ್ಟು ನಾವ್ ಹ್ಯಾಂಗ್ ಉಣ್ಬೇಕು?’ ಅರ್ಜಿ ತುಂಬುವ ಮುಂಚೆ ಒಂಬತ್ತನೇ ತರಗತಿಯ ವಿಷಯ ಹೇಳಬೇಕೋ ಬೇಡವೋ ಎಂದು ನಮ್ಮಲ್ಲೇ ವಾದವಾಯಿತು. ‘ಈಗ ಹೇಳಿದ್ರ ಒಲ್ಲೆ ಅಂತಾರ, ಪಾಸಾದ ಮ್ಯಾಲ ನೋಡಮು’ ಎಂದಳು ಗೆಳತಿ. ಹೇಳದೆ ಸೇರಿಸಿ ನಾಳೆ ಅವರು ಮಗಳನ್ನು ಅರ್ಧಕ್ಕೇ ಬಿಡಿಸಿಕೊಂಡು ಬಂದರೆ? ಮುಂದೆ ನಮ್ಮ ಮಾತನ್ನು ಯಾರು ನಂಬುತ್ತಾರೆ? ಹೇಳಿದೆವು. ಅಪ್ಪ ಎದ್ದು ನಿಂತರು. ‘ಒಂದ್ ವರ್ಷ ಹಿಂದಿ ಮುಲುಕಿಗಿ? ಹೆಣ್ಣುಡುಗಿಗಿ? ನಮಗ ಬ್ಯಾಡ್ರಿ.’ ಹೋಗಿಬಿಟ್ಟರು.

ಎರಡು ವಾರ ಕಳೆಯಿತು. ನಾವು ಬೇರೆ ಹಳ್ಳಿಯಲ್ಲಿ ಒಬ್ಬ ತಾಯಿಯನ್ನು ಹುಡುಕಿದೆವು. ಅವರ ಮಗಳು ನವೋದಯದಿಂದ ಉತ್ತರಕ್ಕೆ ಹೋಗಿ ಒಂದು ವರ್ಷ ಇದ್ದು ಬಂದವಳು. ಆ ಅತ್ತಿಯನ್ನು ಕರೆದುಕೊಂಡು ಆ ಮನೆಗೆ ಹೋದೆವು. ನಾವು ಬಾಯಿ ತೆರೆಯಲಿಲ್ಲ, ಅವರೇ ಮಾತಾಡಿದರು. ‘ಮೊದಲ್ನೇ ತಿಂಗಳ ಫೋನಿನ್ಯಾಗ ಬರೇ ಅಳ್ತಿದ್ಳು. ನಾನೂ ಅಳ್ತಿದ್ದೆ. ದೀಪಾವಳಿಗಿ ಮನಿಗಿ ಬಂದಾಗ ತಮ್ಮನ ಸಂಗಟ ಹಿಂದ್ಯಾಗ ಜಗಳಾ ಆಡ್ತಿದ್ಳು.’ ಆಯಿ ನಕ್ಕರು. ಆಮೇಲೆ ಇಬ್ಬರೂ ತಾಯಂದಿರು ಒಳಗೆ ಹೋಗಿ ಎಷ್ಟೋ ಹೊತ್ತು ಮಾತಾಡಿದರು. ಏನೆಂದು ನಮಗೆ ಗೊತ್ತಿಲ್ಲ. ಕೊನೆಯ ದಿನಾಂಕಕ್ಕೆ ಎರಡು ದಿನ ಇರುವಾಗ ಅಪ್ಪ ಹೆಡ್‌ಮಾಸ್ತರರ ಸಹಿ ಮಾಡಿಸಿದ ಪ್ರಮಾಣಪತ್ರ ಹಿಡಿದು ಬಂದರು. ಆ ಹುಡುಗಿ ಈಗ ನಾರಾಯಣಪುರದಲ್ಲಿ ಏಳನೇ ತರಗತಿ. ಮಕ್ಕಳನ್ನು ಭೇಟಿಯಾಗುವ ದಿನ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ಸಿದ್ಧವಾಗುವವರು ಆಯಿ.

ಅಷ್ಟು ದೂರ ಕಳಿಸಬೇಕೇ ಎನ್ನುವ ಹಿರಿಯರಿಗೆ ನಾನು ಕಲ್ಯಾಣದ ಕತೆ ಹೇಳುತ್ತೇನೆ. ಆರನೇ ವಿಕ್ರಮಾದಿತ್ಯನ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದು ‘ವಿಕ್ರಮಾಂಕದೇವಚರಿತ’ ಬರೆದವನು ಬಿಲ್ಹಣ. ಬಸವಣ್ಣನವರ ಕಾಲದಲ್ಲಿ ಕಾಶ್ಮೀರದ ಅರಸನೊಬ್ಬ ರಾಜ್ಯ ಬಿಟ್ಟು ಇಲ್ಲಿಗೆ ಬಂದು ಕಟ್ಟಿಗೆ ಹೊತ್ತು ಮೋಳಿಗೆಯ ಮಾರಯ್ಯನಾದ ಎಂಬುದು ನಮ್ಮಲ್ಲಿ ಎಲ್ಲರೂ ಕೇಳಿ ಬಲ್ಲ ಕತೆ. ಅಷ್ಟು ದೂರದವರು ಕಲಿಯಲು, ಕಲಿಸಲು ನಮ್ಮೂರಿಗೆ ಬಂದಿದ್ದರೆ, ನಮ್ಮ ಮಗು ಒಂದು ವರ್ಷ ಅತ್ತ ಹೋಗಿ ಬಂದರೆ ತಪ್ಪೇನು? ಕೆಲವರು ತಲೆಯಾಡಿಸುತ್ತಾರೆ. ‘ಅವ್ರ್ ದೊಡ್ಡವ್ರು ಬಿಡವ್ವಾ’ ಎನ್ನುವವರೂ ಇದ್ದಾರೆ.

ನಾಲ್ಕನೆಯ ಮಾತನ್ನು ಮಕ್ಕಳ ಎದುರಿಗೇ ಹೇಳುತ್ತೇವೆ: ಇಡೀ ಜಿಲ್ಲೆಗೆ ಸೀಟು ಹೆಚ್ಚೆಂದರೆ 80. ಬರೆಯುವವರಲ್ಲಿ ಬಹುಪಾಲು ಮಕ್ಕಳಿಗೆ ಸಿಗುವುದಿಲ್ಲ. ಸಿಗದಿದ್ದರೆ ಮಗು ದಡ್ಡ ಎಂದಲ್ಲ. ರಾಜ್ಯ ಸರ್ಕಾರದ ಆದರ್ಶ ವಿದ್ಯಾಲಯಗಳಿಗೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೆ ಆರನೇ ತರಗತಿಗೇ ಪ್ರತ್ಯೇಕ ಪ್ರವೇಶ ಪರೀಕ್ಷೆ ಇದೆ. ನವೋದಯದಲ್ಲೇ ಖಾಲಿ ಉಳಿದ ಸೀಟುಗಳಿಗೆ ಒಂಬತ್ತು ಮತ್ತು ಹನ್ನೊಂದನೇ ತರಗತಿಯಲ್ಲಿ ಮತ್ತೆ ಅವಕಾಶ ಸಿಗುತ್ತದೆ. ಬಾಯಲ್ಲೇ ಗುಣಾಕಾರ ಮಾಡುತ್ತಿದ್ದ ಆ ಹುಡುಗನಿಗೆ ನಗರದ ಪಟ್ಟಿಯಲ್ಲಿ ಸೀಟು ಸಿಗಲಿಲ್ಲ. ಈಗ ಆದರ್ಶ ವಿದ್ಯಾಲಯದಲ್ಲಿದ್ದಾನೆ. ಒಂಬತ್ತನೇ ತರಗತಿಯ ಪರೀಕ್ಷೆಗೆ ಇನ್ನೆಷ್ಟು ದಿನ ಎಂದು ಅವನೇ ಲೆಕ್ಕ ಹಾಕಿಕೊಂಡಿದ್ದಾನೆ.

ಹಳ್ಳಿಯ ಶಾಲೆಯ ಮಕ್ಕಳಿಗೂ ನಾವು ಒಂದು ಕೆಲಸ ಕೊಡುತ್ತೇವೆ. ಐಬಿಯ ಪ್ರಾಜೆಕ್ಟ್ ನೋಡಿ ಹುಟ್ಟಿದ ಯೋಚನೆ. ಊರಿನ ಒಂದು ವಿಷಯ ಆರಿಸಿಕೊಂಡು ತಿಂಗಳ ಕಾಲ ಕೇಳಿ, ಅಳೆದು, ಬರೆಯಬೇಕು. ಒಬ್ಬಳು ಬೋರ್‌ವೆಲ್‌ಗಳನ್ನು ಎಣಿಸಿದಳು. ಒಬ್ಬ ಅಜ್ಜನಿಂದ ಹಳೆಯ ಅಳತೆಗಳ ಹೆಸರು ಬರೆದುಕೊಂಡ. ಇದಕ್ಕೆ ಲಕ್ಷದ ಶುಲ್ಕ ಬೇಡ, ಒಂದು ನೋಟ್‌ಬುಕ್ ಸಾಕು. ಸೀಟು ಸಿಗಲಿ ಬಿಡಲಿ, ಈ ಕಲಿಕೆ ಎಲ್ಲೂ ಹೋಗುವುದಿಲ್ಲ.

ನೇಮಕಾತಿಗೆ ಕಾಯುತ್ತಿರುವ ಗೆಳೆಯ ಗೆಳತಿಯರೇ, ಬುದ್ಧಿಶಕ್ತಿಯ ಪ್ರಶ್ನೆಗಳನ್ನು ದಿನಾ ಬಿಡಿಸುವವರು ನಾವು. ಆನ್‌ಲೈನ್ ಅರ್ಜಿ ತುಂಬುವುದರಲ್ಲಿ ನಮ್ಮಷ್ಟು ಪಳಗಿದವರು ಊರಲ್ಲಿ ಯಾರಿದ್ದಾರೆ? ಮೀಸಲಾತಿ, ಪ್ರಮಾಣಪತ್ರ, ಕೊನೆಯ ದಿನಾಂಕ ಎಲ್ಲವೂ ನಮಗೆ ಬಾಯಿಪಾಠ. ನವೋದಯದ ವೆಬ್‌ಸೈಟಿನಲ್ಲಿ ಆ ವರ್ಷದ ಮಾಹಿತಿ ಪುಸ್ತಿಕೆ ಸಿಗುತ್ತದೆ. ನಿಯಮಗಳು ಬದಲಾಗಬಹುದು, ಹಾಗಾಗಿ ಸಭೆಗೆ ಮುಂಚೆ ಅದನ್ನು ಒಮ್ಮೆ ಪೂರ್ತಿ ಓದಿಕೊಳ್ಳಿ. ಹೆಡ್‌ಮಾಸ್ತರರನ್ನು ಕೇಳಿ, ಒಂದು ಭಾನುವಾರ ವರಾಂಡದಲ್ಲಿ ಚಾಪೆ ಹಾಸಿ. ಒಂಬತ್ತು ಜನ ಬಂದರೂ ಸಾಕು. ಮೂರನೇ ತರಗತಿಯ ಮಗುವಿನ ಅಪ್ಪನೊಬ್ಬ ಅದರಲ್ಲಿದ್ದರೆ ಅವನ ಹತ್ತಿರ ಮೊದಲು ಹೋಗಿ ಕೂರಿ.