ನಾಳೆ ಪುಟಕ್ಕೆ ಏನು ಹಾಕೋದು?

ಬಟ್ಟೆ ಅಂಗಡಿಯಿಂದ ಹಿಡಿದು ಉಪ್ಪಿನಕಾಯಿ ಹಾಕುವ ಮಹಿಳಾ ಸಂಘದವರೆಗೆ ಈಗ ಎಲ್ಲರಿಗೂ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪುಟಗಳಿವೆ. ಪುಟ ತೆರೆಯುವುದು ಸುಲಭ. ಮೊದಲ ವಾರ ಅಂಗಡಿಯ ಬೋರ್ಡು, ಪೂಜೆಯ ಫೋಟೊ, ಹೊಸ ಮಾಲು, ರಿಯಾಯಿತಿ ದರ ಎಲ್ಲವೂ ಏರುತ್ತವೆ. ಎರಡನೆಯ ವಾರ ‘ನಾಳೆ ಏನು ಹಾಕೋದು?’ ಎಂಬ ಪ್ರಶ್ನೆ ಬರುತ್ತದೆ. ಎಷ್ಟೋ ಪುಟಗಳು ‘ಶುಭೋದಯ’ದ ಹೂವಿನ ಚಿತ್ರಗಳಿಗೆ ಇಳಿದು ಸುಮ್ಮನಾಗುವುದು ಇಲ್ಲೇ. ಇದನ್ನು ದಾಟಿ ವರ್ಷಗಟ್ಟಲೆ ಬೇಸರ ತರಿಸದೆ ಪುಟ ನಡೆಸುವವರೂ ಇದ್ದಾರೆ. ಅವರ ಕೆಲಸ ನೋಡುವಂಥದ್ದು. ಹೊಳಹು ಬರಲಿ ಎಂದು ಅವರು ಕಾಯುತ್ತ ಕೂರುವುದಿಲ್ಲ. ವಿಷಯ ಎಲ್ಲಿ ಸಿಗುತ್ತದೆಂದು ಗೊತ್ತಿದ್ದು ಅಲ್ಲಿಗೇ ಹೋಗಿ ಹೆಕ್ಕುತ್ತಾರೆ.

ಉದಾಹರಣೆಗೆ ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಸೀರೆ ನೇಯಿಸಿ ಮಾರುವ ಒಂದು ಸಣ್ಣ ಅಂಗಡಿ ಎಂದಿಟ್ಟುಕೊಳ್ಳೋಣ. ಪುಟ ನೋಡಿಕೊಳ್ಳುವವಳು ಆ ಮನೆಯ ಮಗಳು. ಆಕೆಯ ಮೊದಲ ಮೂಲ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುವ ಒಂದು ನೋಟ್‌ಬುಕ್. ಅಂಗಡಿಗೆ ಬಂದವರು ಕೇಳಿದ್ದೆಲ್ಲ ಅದರಲ್ಲಿ ಅವರ ಬಾಯಿಮಾತಿನಲ್ಲೇ ದಾಖಲಾಗುತ್ತದೆ. “ಇದು ಕೈಮಗ್ಗದ್ದೋ, ಪವರ್‌ಲೂಮಿಂದೋ?” “ಬಣ್ಣ ಬಿಡ್ತೈತೇನ್ರಿ?” “ಮನ್ಯಾಗ ಒಗೀಬಹುದಾ?” “ಜಂಪರ್ ಪೀಸ್ ಸೀರಿ ಜೋಡಿ ಬರ್ತೈತಾ, ಬ್ಯಾರೆ ತಗೋಬೇಕಾ?” “ಇದಕ್ಕ ಅದಕ್ಕಿಂತ ರೇಟ್ ಯಾಕ್ ಜಾಸ್ತಿ?” ಅಂಗಡಿಯವರಿಗೆ ಇವು ದಿನಕ್ಕೆ ಹತ್ತು ಸಲ ಕೇಳಿ ಹಳಸಿದ ಪ್ರಶ್ನೆಗಳು. ಪುಟಕ್ಕೆ ಇವೇ ಬಂಡವಾಳ. ಒಬ್ಬರು ಬಾಯಿಬಿಟ್ಟು ಕೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳದೆ ಹೋದವರು ಅನೇಕರಿರುತ್ತಾರೆ, ದೂರದ ಊರಿನಲ್ಲಿ ಮೊಬೈಲ್ ಹಿಡಿದು ಕುಳಿತವರಿಗಂತೂ ಕೇಳಲು ಎದುರಿಗೆ ಅಂಗಡಿಯೇ ಇಲ್ಲ. ಪ್ರಶ್ನೆಯನ್ನು ತಿದ್ದದೆ ಬರೆದುಕೊಳ್ಳುವುದಕ್ಕೂ ಕಾರಣವಿದೆ. ಪೋಸ್ಟಿನ ಮೊದಲ ಸಾಲಿಗೆ ಅದೇ ಮಾತು ಬಂದರೆ, ಓದುವವರಿಗೆ ತಾವೇ ಕೇಳಿದಂತಾಗಿ ಬೆರಳು ಅಲ್ಲಿ ನಿಲ್ಲುತ್ತದೆ.

ಎರಡನೆಯ ಮೂಲ ಮಗ್ಗದ ಮನೆ. ಈ ಕೆಲಸದ ನಿಜವಾದ ಕುಶಲತೆ ಕಾಣುವುದು ಇಲ್ಲಿ. ಇಳಕಲ್ ಸೀರೆಯ ವಿಶೇಷವೆಂದರೆ ಕೊಂಡಿ. ನೇಯ್ಗೆಯಲ್ಲಿ ಉದ್ದಕ್ಕೆ ಹಿಡಿದ ಎಳೆಗಳು ಹಾಸು, ಅಡ್ಡಕ್ಕೆ ಲಾಳಿಯೊಂದಿಗೆ ಓಡಾಡುವ ಎಳೆ ಹೊಕ್ಕು. ಇಳಕಲ್ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು ಇರುತ್ತದೆ. ಮೈ ಸಾಮಾನ್ಯವಾಗಿ ಹತ್ತಿ, ಸೆರಗು ರೇಷ್ಮೆ. ನೇಯುವ ಮೊದಲು ಈ ಎರಡು ಹಾಸುಗಳ ಎಳೆಗಳನ್ನು ಒಂದರ ಕುಣಿಕೆಯೊಳಗೆ ಇನ್ನೊಂದು ಬರುವಂತೆ ಕೈಯಿಂದಲೇ ಸೇರಿಸುತ್ತಾರೆ. ಅದೇ ಕೊಂಡಿ. ಕೋಟೆಯ ತೆನೆಗಳಂಥ ವಿನ್ಯಾಸವಿರುವ ‘ತೋಪು ತೆನಿ’ ಸೆರಗು ಬೇಕೆಂದರೆ ಹಾಸನ್ನು ಒಂದೊಂದೇ ಸೀರೆಯ ಅಳತೆಗೆ ಸಿದ್ಧಮಾಡಿಕೊಳ್ಳಬೇಕು. ಒಮ್ಮೆ ಉದ್ದನೆಯ ಹಾಸು ಹೂಡಿ ಸಾಲಾಗಿ ಸೀರೆ ನೇಯ್ದು ಕತ್ತರಿಸುವ ಅನುಕೂಲ ಇಲ್ಲಿಲ್ಲ.

ಹೊಸಬರು ಇದನ್ನೆಲ್ಲ ಸೇರಿಸಿ ‘ಇಳಕಲ್ ಸೀರೆ ತಯಾರಾಗುವ ಬಗೆ’ ಎಂದು ಒಂದೇ ವಿಡಿಯೊ ಮಾಡಿ ಮುಗಿಸುತ್ತಾರೆ. ಮರುದಿನ ಕೈ ಖಾಲಿ. ಪಳಗಿದವಳು ಕೊಂಡಿಯೊಂದನ್ನೇ ಹಿಡಿಯುತ್ತಾಳೆ. ಎಳೆಯನ್ನು ಕುಣಿಕೆಯೊಳಗೆ ತೂರಿಸುವ ಎರಡು ಬೆರಳು, ಇಪ್ಪತ್ತು ಸೆಕೆಂಡು, ಹಾಡಿಲ್ಲ, ಅಲ್ಲಿನದೇ ಸದ್ದು: ಇದು ಮೊದಲ ಪೋಸ್ಟು. ಮುಗಿದ ಸೀರೆಯಲ್ಲಿ ಮೈಯ ಬಣ್ಣ ನಿಂತು ಸೆರಗಿನ ಕೆಂಪು ಶುರುವಾಗುವ ಗೆರೆ, ಮುಮ್ಮುಖ ಹಿಮ್ಮುಖ ಎರಡೂ ಕಾಣುವಂತೆ: ಎರಡನೆಯದು. ಮೈಯ ಹಾಸಿನ ಎಳೆ ಸೆರಗಿನೊಳಗೆ ಮುಂದುವರಿದಿದೆಯೋ ಅಲ್ಲೇ ಕೊಂಡಿಯಾಗಿ ನಿಂತಿದೆಯೋ ಎಂದು ಕೊಳ್ಳುವವರು ತಾವೇ ನೋಡಿ ತಿಳಿಯುವ ಬಗೆ: ಮೂರನೆಯದು. ತೋಪು ತೆನಿಗೆ ಬೆಲೆ ಏಕೆ ಹೆಚ್ಚು ಎಂಬ ಲೆಕ್ಕ ಇನ್ನೊಂದು. ಕೊಂಡಿ ಹಾಕಲು ನೇಕಾರರಿಗೆ ಕಲಿಸಿದವರು ಯಾರು, ಮೊದಮೊದಲು ತಪ್ಪುತ್ತಿದ್ದದ್ದು ಎಲ್ಲಿ ಎಂಬ ಮಾತುಕತೆ ಮತ್ತೊಂದು. ಒಂದು ಪೋಸ್ಟಿಗೆ ಒಂದೇ ಮಾತು. ಹೀಗೆ ಬಿಡಿಸಲು ಕೆಲಸದ ಒಂದೊಂದು ಹಂತವೂ ಗೊತ್ತಿರಬೇಕು, ಮಗ್ಗದ ಪಕ್ಕದಲ್ಲಿ ಗಂಟೆಗಟ್ಟಲೆ ಕೂತಿರಬೇಕು. ಬೇರೆ ಊರಿನಲ್ಲಿ ಕೂತು ಹಲವು ಅಂಗಡಿಗಳ ಪುಟ ನೋಡಿಕೊಳ್ಳುವವರಿಗಿಂತ ಮನೆಯವರ ಪುಟ ಎಷ್ಟೋ ಸಲ ಚೆನ್ನಾಗಿರುವುದಕ್ಕೆ ಕಾರಣ ಇದೇ ಇರಬೇಕು.

ಕೊಂಡಿ ಮುಗಿಯುವ ಹೊತ್ತಿಗೆ ದಡಿಗಳಿವೆ. ಗೋಮಿ, ಚಿಕ್ಕಿ, ಗಾಡಿ ಎಂದು ಹೆಸರಿದ್ದೂ ಹೊರಗಿನವರಿಗೆ ಗುರುತು ಸಿಗದ ಅಂಚುಗಳು. ಗಿರಿಕುಂಕುಮ, ನವಿಲು ಹಸಿರಿನಂಥ ಬಣ್ಣಗಳಿವೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಕಸೂತಿಯ ನಾಲ್ಕು ಹೊಲಿಗೆಗಳಿವೆ. ಜಂಪರಿಗೆ ಬಳಸುವ ಗುಳೇದಗುಡ್ಡದ ಖಣ ಪಕ್ಕದಲ್ಲೇ ಇದೆ. ಒಂದೊಂದೂ ಒಂದೊಂದು ಮಾಲಿಕೆಯಾಗುತ್ತದೆ.

ಮೂರನೆಯ ಮೂಲ ಪಂಚಾಂಗ. ಇಲ್ಲಿ ಲೆಕ್ಕ ಹಿಂದಿನಿಂದ ಶುರುವಾಗುತ್ತದೆ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಸೀರೆ ಆಗ ಬೇಕು. ಆದರೆ ಹಬ್ಬದ ದಿನ ಸೀರೆಯ ಚಿತ್ರ ಹಾಕಿದರೆ ಯಾರಿಗೂ ಉಪಯೋಗವಿಲ್ಲ. ಪಾರ್ಸೆಲ್ ತಲುಪಬೇಕು, ದರ್ಜಿ ಜಂಪರ್ ಹೊಲಿದು ಕೊಡಬೇಕು. ಹಾಗಾಗಿ ಪಂಚಮಿಯ ಸೀರೆಗಳು ಪುಟಕ್ಕೆ ಬರಬೇಕಾದದ್ದು ಒಂದು ತಿಂಗಳು ಮೊದಲು, ಫೋಟೊ ತೆಗೆಯಬೇಕಾದದ್ದು ಅದಕ್ಕೂ ಮೊದಲು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಉಡುವ ಸೀರೆಯದೂ ಇದೇ ಲೆಕ್ಕ. ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲೂ ಗಿರಾಕಿಗಳಿದ್ದಾರೆ. ಅಲ್ಲಿ ಸಂಕ್ರಾಂತಿಗೆ ಕಪ್ಪು ಸೀರೆ ಉಡುವ ರೂಢಿ ಇರುವುದರಿಂದ ಕಪ್ಪು ಚಂದ್ರಕಾಳಿ ಸೀರೆ ಡಿಸೆಂಬರಿನಲ್ಲೇ ಕಾಣಿಸಿಕೊಳ್ಳಬೇಕು. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರಲ್ಲಿ ಅದೇ ದಿನ ಶುರುವಾದ ಸ್ವದೇಶಿ ಚಳವಳಿಯ ನೆನಪಿಗೆ 2015ರಿಂದ ಆಚರಣೆಯಲ್ಲಿದೆ. ಅಂದು ಎಲ್ಲ ಪುಟಗಳಲ್ಲೂ ಚರಕದ ಒಂದೇ ಬಗೆಯ ಚಿತ್ರ ಇರುತ್ತದೆ. ಆಕೆ ತನ್ನ ಅಂಗಡಿಗೆ ನೇಯುವ ಒಬ್ಬರ ಒಂದು ದಿನದ ಕೆಲಸವನ್ನು ಬೆಳಗಿನಿಂದ ಸಂಜೆಯವರೆಗೆ ಸ್ಟೋರಿಗಳಲ್ಲಿ ಹಾಕುತ್ತ ಹೋಗುತ್ತಾಳೆ. ಸ್ಟೋರಿ ಎಂದರೆ ಇಪ್ಪತ್ನಾಲ್ಕು ಗಂಟೆಯಲ್ಲಿ ತಾನಾಗಿ ಮಾಯವಾಗುವ ಪೋಸ್ಟು. ಒಂದೇ ದಿನದ ಕಥೆಗೆ ಅದು ಒಪ್ಪುತ್ತದೆ.

ಇನ್ನು ದಿನದ ಸುದ್ದಿ. ಅದರಿಂದ ವಿಷಯ ಹೆಕ್ಕುವುದರಲ್ಲಿ ನಮ್ಮ ದೇಶದಲ್ಲಿ ಅಮುಲ್ ಬೆಣ್ಣೆಯ ಜಾಹೀರಾತಿಗೆ ಸಾಟಿಯಿಲ್ಲ. 1966ರಲ್ಲಿ ಜಾಹೀರಾತುಗಾರ ಸಿಲ್ವೆಸ್ಟರ್ ಡಕುನ್ಹಾ ಮತ್ತು ಚಿತ್ರಕಾರ ಯೂಸ್ಟೇಸ್ ಫರ್ನಾಂಡಿಸ್ ರೂಪಿಸಿದ ಚುಕ್ಕಿ ಫ್ರಾಕಿನ ಹುಡುಗಿ ಬೊಂಬಾಯಿಯ ಹೋರ್ಡಿಂಗುಗಳಿಂದ ಶುರುಮಾಡಿ ಇಂದಿನ ಮೊಬೈಲ್ ಪರದೆಯವರೆಗೆ ಬಂದಿದ್ದಾಳೆ. ಒಂದೊಂದು ಚಿತ್ರಕ್ಕೂ ತಮ್ಮ ಒಪ್ಪಿಗೆಗೆ ಕಾಯಬೇಕಿಲ್ಲ ಎಂದು ಅಮುಲ್ ಮುನ್ನಡೆಸುತ್ತಿದ್ದ ವರ್ಗೀಸ್ ಕುರಿಯನ್ ಆ ತಂಡಕ್ಕೆ ಸ್ವಾತಂತ್ರ್ಯ ಕೊಟ್ಟಿದ್ದರು. ಸುದ್ದಿ ಬಿಸಿಯಿರುವಾಗಲೇ ಚಿತ್ರ ಹೊರಬರಲು ಸಾಧ್ಯವಾದದ್ದು ಅದರಿಂದ. ಕ್ರಿಕೆಟ್ಟಿರಲಿ, ಸಿನಿಮಾ ಇರಲಿ, ರಾಜಕೀಯವಿರಲಿ, ಚಿತ್ರದಲ್ಲಿ ಬೆಣ್ಣೆ ಮಾತ್ರ ತಪ್ಪುವುದಿಲ್ಲ. ಸಣ್ಣ ಅಂಗಡಿ ಅದನ್ನು ನಕಲು ಮಾಡಬೇಕಿಲ್ಲ. ಅದಕ್ಕೆ ತನ್ನದೇ ಸುದ್ದಿಗಳಿವೆ. ಮಳೆ ಹಿಡಿದುಕೊಂಡರೆ ಬಣ್ಣ ಹಾಕಿದ ನೂಲು ಒಣಗುವುದಿಲ್ಲ, ಈ ವಾರದ ಸೀರೆ ಮುಂದಿನ ವಾರಕ್ಕೆ ಹೋಗುತ್ತದೆ. ಗಿರಾಕಿಗಳಿಗೆ ಅದನ್ನು ಒಣಹಾಕಿದ ನೂಲಿನ ಚಿತ್ರದೊಂದಿಗೆ ತಿಳಿಸಿದರೆ ತಡವಾದದ್ದಕ್ಕೆ ಸಮಜಾಯಿಷಿಯೂ ಆಯಿತು, ಪುಟಕ್ಕೆ ವಿಷಯವೂ ಆಯಿತು.

ಹೆಕ್ಕಿದ್ದೆಲ್ಲ ಪುಟಕ್ಕೆ ಹೋಗುವುದಿಲ್ಲ. ಆಕೆ ವಾರಕ್ಕೊಮ್ಮೆ ನೋಟ್‌ಬುಕ್ ತೆರೆದು ಜರಡಿ ಹಿಡಿಯುತ್ತಾಳೆ. ನೋಡಿದವರು ಇದನ್ನು ಅಕ್ಕನಿಗೋ ಗೆಳತಿಗೋ ಕಳಿಸುತ್ತಾರೆಯೇ? ಇರುವ ಮೊಬೈಲು, ಕಿಟಕಿಯ ಬೆಳಕಿನಲ್ಲಿ ಇದನ್ನು ತೋರಿಸಲಾದೀತೇ? ಹೇಳುತ್ತಿರುವುದು ನಿಜವೇ? ಪವರ್‌ಲೂಮಿನ ಸೀರೆಯನ್ನು ಕೈಮಗ್ಗದ ವಿಡಿಯೊದ ಕೆಳಗೆ ಮಾರುವ ಪುಟಗಳೂ ಇರುವ ಕಾಲದಲ್ಲಿ ಈ ಮೂರನೆಯ ಪ್ರಶ್ನೆ ದೊಡ್ಡದು. ಎರಡನ್ನೂ ಅಕ್ಕಪಕ್ಕ ಇಟ್ಟು, ಎರಡರ ಬೆಲೆಯನ್ನೂ ಬರೆದು, ಇದು ಇದು, ಅದು ಅದು ಎಂದು ಹೇಳುವ ಪುಟವನ್ನು ಜನ ನಂಬುತ್ತಾರೆ. ಇನ್ನೊಂದು ಕಟ್ಟುನಿಟ್ಟೂ ಇದೆ: ನೇಕಾರರ ಮುಖ, ಮನೆ, ಮಕ್ಕಳನ್ನು ತೋರಿಸುವ ಮೊದಲು ಅವರನ್ನು ಕೇಳುವುದು. ಬೇಡವೆಂದರೆ ಕೈ ಮಾತ್ರ. ಕೈಯಲ್ಲೇ ಬೇಕಾದಷ್ಟಿದೆ.

ಹಾಕಿದ ಮೇಲೆ ಓದುವ ಕೆಲಸ ಉಳಿಯುತ್ತದೆ. ಲೈಕುಗಳನ್ನು ಎಣಿಸುವುದು ಎಲ್ಲರಿಗೂ ಗೊತ್ತು. ನುರಿತವರು ನೋಡುವುದು ಎಷ್ಟು ಜನ ಉಳಿಸಿಕೊಂಡರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು, ಎಷ್ಟು ಜನ ಮೆಸೇಜು ಮಾಡಿದರು ಎಂಬುದನ್ನು. ಸುಂದರಿಯೊಬ್ಬಳು ಸೀರೆಯುಟ್ಟು ನಿಂತ ಚಿತ್ರಕ್ಕೆ ಲೈಕು ರಾಶಿ ಬೀಳಬಹುದು. ‘ಮೊದಲ ಸಲ ಒಗೆಯುವಾಗ ಬೇರೆಯಾಗಿ, ತಣ್ಣೀರಿನಲ್ಲಿ, ಒಣಗಿಸುವುದು ನೆರಳಿನಲ್ಲಿ’ ಎಂಬ ಸಾದಾ ಪೋಸ್ಟನ್ನು ಜನ ತಿಂಗಳುಗಟ್ಟಲೆ ಉಳಿಸಿಕೊಳ್ಳುತ್ತಲೇ ಇರುತ್ತಾರೆ. ಅಂಥದ್ದನ್ನು ವರ್ಷ ಕಳೆದ ಮೇಲೆ ಬೇರೆ ಸೀರೆ, ಬೇರೆ ಕೋನದಿಂದ ಮತ್ತೆ ಮಾಡಬಹುದು. ಹೊಸದಾಗಿ ಸೇರಿದವರು ಅದನ್ನು ನೋಡಿರುವುದಿಲ್ಲ.

ಅದೇ ಪೋಸ್ಟಿನ ಕೆಳಗೆ ಯಾರೋ ಬರೆಯುತ್ತಾರೆ: “ನಮ್ಮ ಅಜ್ಜಿ ಸೀರಿ ಮಡಿಕಿ ಮ್ಯಾಲೆ ಹರದೈತ್ರಿ, ಸರಿ ಮಾಡ್ಸಾಕ ಬರ್ತೈತೇನು?” ಉತ್ತರ ಆಕೆಗೂ ಗೊತ್ತಿರುವುದಿಲ್ಲ. ವಿಚಾರಿಸಿಕೊಂಡು ರಫು ಮಾಡುವವರ ಮನೆಗೆ ಹೋಗುತ್ತಾಳೆ. ಹಳೆಯ ಸೀರೆಯ ಬಣ್ಣಕ್ಕೆ ಹೊಂದುವ ನೂಲು ಅವರು ಎಲ್ಲಿಂದ ತರುತ್ತಾರೆ, ಯಾವ ಹರುಕಿಗೆ ಸೂಜಿ ಹಾಕುತ್ತಾರೆ, ಯಾವುದನ್ನು ಆಗುವುದಿಲ್ಲವೆಂದು ವಾಪಸು ಕಳಿಸುತ್ತಾರೆ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುವಷ್ಟರಲ್ಲಿ ಮುಂದಿನ ಎರಡು ವಾರಗಳ ಪೋಸ್ಟು ಸಿದ್ಧವಾಗಿರುತ್ತದೆ.