ಮೂರನೇ ದಿನವೇ ಹೊಸ ಗ್ರಹ ಕಂಡುಹಿಡಿದ ಹುಡುಗ: ಈ ಸುದ್ದಿ ನಿಜವೇ?

"ನಾಸಾದಲ್ಲಿ ಇಂಟರ್ನ್‌ಶಿಪ್‌ಗೆ ಸೇರಿದ ಮೂರನೇ ದಿನವೇ 17ರ ಹುಡುಗ ಹೊಸ ಗ್ರಹ ಕಂಡುಹಿಡಿದ!" ಈ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇನ್ನೊಂದು ಬಗೆಯ ಸಂದೇಶವೂ ಓಡಾಡುತ್ತಿರುತ್ತದೆ: "ನಿಮ್ಮ ಮಕ್ಕಳಿಗೂ ಬಾಹ್ಯಾಕಾಶ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಖಚಿತ, ಶುಲ್ಕ ಕಟ್ಟಲು ಇಂದೇ ಕೊನೆಯ ದಿನ." ಮೊದಲನೆಯದು ನಿಜ. ಎರಡನೆಯದನ್ನು ನಂಬಿ ಹಣ ಕಟ್ಟುವ ಮುನ್ನ, ಇಂಥ ಇಂಟರ್ನ್‌ಶಿಪ್‌ನಲ್ಲಿ ವಿದ್ಯಾರ್ಥಿಗಳು ಮಾಡುವ ಕೆಲಸವೇನು ಎಂದು ನೋಡೋಣ.

ಸುದ್ದಿಯಲ್ಲಿ ಬಿಟ್ಟುಹೋದದ್ದೇನು?

2019ರಲ್ಲಿ ಅಮೆರಿಕದ ನಾಸಾ ಗಾಡರ್ಡ್ ಕೇಂದ್ರಕ್ಕೆ ಒಬ್ಬ ಶಾಲಾ ವಿದ್ಯಾರ್ಥಿ ಬೇಸಿಗೆ ಇಂಟರ್ನ್ ಆಗಿ ಬಂದ. ಟೆಸ್ ಎಂಬ ಬಾಹ್ಯಾಕಾಶ ದೂರದರ್ಶಕ ಅಳೆದಿದ್ದ ನಕ್ಷತ್ರಗಳ ಬೆಳಕಿನ ದಾಖಲೆಗಳನ್ನು ನೋಡುವುದು ಅವನ ಕೆಲಸ. ಸ್ವಯಂಸೇವಕರು ಮೊದಲೇ ಗುರುತು ಹಾಕಿಟ್ಟಿದ್ದ ದಾಖಲೆಗಳಲ್ಲಿ ಒಂದು ಕಡೆ ಬೆಳಕು ಅಕಾಲದಲ್ಲಿ ತಗ್ಗಿದ್ದು ಅವನಿಗೆ ಕಂಡಿತು. ಆಮೇಲೆ ವಿಜ್ಞಾನಿಗಳ ತಂಡ ಅದನ್ನು ತಿಂಗಳುಗಟ್ಟಲೆ ಪರೀಕ್ಷಿಸಿತು. 2020ರ ಜನವರಿಯಲ್ಲಿ ಎರಡು ನಕ್ಷತ್ರಗಳನ್ನು ಸುತ್ತುವ ಆ ಗ್ರಹ, ಟಿಒಐ 1338 ಬಿ, ಜಗತ್ತಿಗೆ ತಿಳಿಯಿತು. ಹುಡುಗ ಕಂಡದ್ದು ಮೂರನೇ ದಿನ, ಖಚಿತವಾದದ್ದು ಬಹಳ ದಿನಗಳ ನಂತರ.

ಹಾಗಾದರೆ ಕೆಲಸ ಹೇಗಿರುತ್ತದೆ?

ಗ್ರಹಗಳ ಸುತ್ತಲಿನ ಕಾಂತಕ್ಷೇತ್ರ, ಸೂರ್ಯನಿಂದ ಬೀಸುವ ಸೌರಮಾರುತ ಇವುಗಳ ಅಧ್ಯಯನವನ್ನೇ ತೆಗೆದುಕೊಳ್ಳಿ. ಇಲ್ಲಿ ರಾಕೆಟ್ಟೂ ಇಲ್ಲ, ದೂರದರ್ಶಕವೂ ಇಲ್ಲ. ಒಂದು ಲ್ಯಾಪ್‌ಟಾಪ್, ಅದರ ತುಂಬ ಅಂಕಿಗಳು.

ನೌಕೆಯ ಕಾಂತಮಾಪಕ ಕ್ಷಣಕ್ಷಣವೂ ಮೂರು ದಿಕ್ಕಿನ ಕಾಂತಬಲವನ್ನು ಅಳೆದು ಕಳಿಸುತ್ತದೆ. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40,000 ನ್ಯಾನೋಟೆಸ್ಲಾ ಇದ್ದರೆ, ಭೂಮಿಯ ಹತ್ತಿರದ ಸೌರಮಾರುತದಲ್ಲಿ ಅದು ಬರೀ 5ರ ಆಸುಪಾಸು. ಇಷ್ಟು ಸಣ್ಣ ಅಳತೆಯನ್ನು ನೌಕೆಯ ಒಳಗಿನ ವಿದ್ಯುತ್ ಸರ್ಕ್ಯೂಟೇ ಕೆಡಿಸಬಲ್ಲದು. ಅದಕ್ಕೇ ವಾಯೇಜರ್ ನೌಕೆಗಳಲ್ಲಿ ಈ ಉಪಕರಣವನ್ನು 13 ಮೀಟರ್ ಉದ್ದದ ತೋಳಿನ ಮೇಲೆ ದೂರ ಇಟ್ಟಿದ್ದಾರೆ. ಆದರೂ ಸುಳ್ಳು ಅಂಕಿಗಳು ನುಸುಳುತ್ತವೆ.

ವಿದ್ಯಾರ್ಥಿ ಈ ಅಂಕಿಗಳನ್ನು ಪೈಥಾನ್‌ನಂಥ ಕಂಪ್ಯೂಟರ್ ಭಾಷೆಯಲ್ಲಿ ಗ್ರಾಫ್ ಮಾಡುತ್ತಾನೆ. ನೌಕೆ ಸೌರಮಾರುತದಿಂದ ಗ್ರಹದ ಕಾಂತಕವಚದೊಳಗೆ ನುಗ್ಗಿದ ಗಳಿಗೆ ಯಾವುದು ಎಂದು ಗುರುತಿಸಿ ಪಟ್ಟಿ ಮಾಡುತ್ತಾನೆ. ಒಂಥರಾ ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ. ಕಷ್ಟವೆಂದರೆ, ಕಲ್ಲು ಯಾವುದು, ಕಾಳು ಯಾವುದು ಎಂದು ಇಲ್ಲಿ ನೋಡಿದ ಕೂಡಲೇ ತಿಳಿಯುವುದಿಲ್ಲ.

60 ಸೆಕೆಂಡಿನ ಕಥೆ

ವಾಯೇಜರ್-2 ನೌಕೆ 1986ರ ಜನವರಿ 24ರಂದು ಯುರೇನಸ್ ಗ್ರಹದ ಪಕ್ಕದಲ್ಲಿ ಹಾದುಹೋಯಿತು. ಮೂರು ದಶಕಗಳ ನಂತರ ನಾಸಾದ ಜೀನಾ ಡಿಬ್ರಾಸಿಯೊ ಮತ್ತು ಡೇನಿಯಲ್ ಗರ್ಶ್‌ಮನ್ ಅದೇ ಹಳೆಯ ದತ್ತಾಂಶವನ್ನು 1.92 ಸೆಕೆಂಡಿಗೊಂದು ಚುಕ್ಕಿಯಂತೆ ಮತ್ತೆ ಗ್ರಾಫ್ ಮಾಡಿದರು. ಸರಾಸರಿ ತೆಗೆದಾಗ ನಯವಾಗಿ ಕಾಣುತ್ತಿದ್ದ ಗೆರೆಯಲ್ಲಿ ಈಗ ಏರಿಳಿತಗಳು ಎದ್ದವು. 45 ಗಂಟೆಗಳ ದಾಖಲೆಯಲ್ಲಿ ಕೇವಲ 60 ಸೆಕೆಂಡಿನ ಒಂದು ತಿರುವು, ಯುರೇನಸ್‌ನ ವಾತಾವರಣದ ಕಣಗಳನ್ನು ಹೊತ್ತೊಯ್ಯುತ್ತಿದ್ದ ಬೃಹತ್ ಕಾಂತಗುಳ್ಳೆಯದಾಗಿತ್ತು. ಆ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹಳೆಯ ದತ್ತಾಂಶವನ್ನು ಎಲ್ಲರಿಗೂ ಸಿಗುವಂತೆ ಕಾಪಾಡಿಡುವುದು ಇದಕ್ಕೇ.

ನಮ್ಮ ಮಕ್ಕಳಿಗೂ ಇದು ಸಿಗುತ್ತದೆಯೇ?

ಸಿಗುತ್ತದೆ, ಅದೂ ಉಚಿತವಾಗಿ. ಬೆಂಗಳೂರಿನ ಬಳಿ ಬ್ಯಾಲಾಳುವಿನಲ್ಲಿ ಇಸ್ರೋದ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವಿದೆ. ಅದರ 'ಪ್ರದಾನ್' ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡರೆ ಚಂದ್ರಯಾನ-2, ಆದಿತ್ಯ-ಎಲ್1 ನೌಕೆಗಳ ದತ್ತಾಂಶ ಇಳಿಸಿಕೊಳ್ಳಬಹುದು. ಆದಿತ್ಯದಲ್ಲೂ ಕಾಂತಮಾಪಕವಿದೆ. ನಾಸಾದ ಗ್ರಹ ದತ್ತಾಂಶ ಭಂಡಾರವೂ ಎಲ್ಲರಿಗೂ ತೆರೆದಿದೆ.

ಕಾಲೇಜು ವಿದ್ಯಾರ್ಥಿಗಳಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಅದರಲ್ಲಿ ಆಯ್ಕೆಯಾದ ವಿದ್ಯಾರ್ಥಿಗೇ ಭತ್ಯೆ ಕೊಡುತ್ತಾರೆ.

ಹಣ ಕಟ್ಟುವ ಮುನ್ನ ಇಷ್ಟು ಕೇಳಿ

• ಮಾರ್ಗದರ್ಶನ ಮಾಡುವ ವಿಜ್ಞಾನಿ ಯಾರು? ಅವರ ಹೆಸರು ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿದೆಯೇ?
• ಯಾವ ನೌಕೆಯ ದತ್ತಾಂಶ? ಹುಡುಕಬೇಕಾದ ಪ್ರಶ್ನೆ ಯಾವುದು?
• "ನಾಸಾ ಇಂಟರ್ನ್‌ಶಿಪ್" ಎನ್ನುತ್ತಾರೆಯೇ? ಅದಕ್ಕೆ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು.
• "ಇಸ್ರೋ" ಹೆಸರಿದ್ದರೆ ಇಸ್ರೋದ ಜಾಲತಾಣದಲ್ಲಿ ಆ ಪ್ರಕಟಣೆ ಇದೆಯೇ?

ಉತ್ತರ ತಡವರಿಸುತ್ತಾ ಬಂದು ಶುಲ್ಕದ ಮಾತು ಮಾತ್ರ ಸ್ಪಷ್ಟವಾಗಿದ್ದರೆ ದೂರವಿರಿ. ಅಂಥ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಬದಲು ಈ ನಾಲ್ಕು ಪ್ರಶ್ನೆಗಳನ್ನು ಅದರ ಕೆಳಗೆ ಹಾಕಿ.